ಕುಶಾವತಿಯ ದಡದ ಹಿರಿಯ ಮನೆ

ಕಳೆದ ಸಂಚಿಕೆಯಲ್ಲಿ ಉಳವಿ ಕ್ಷೇತ್ರವನ್ನು ಕುರಿತು ಬರೆದುದನ್ನು ಓದಿ ಕೊಳ್ಳೇಗಾಲ, ಹನೂರು ಕಡೆಯ ಕೆಲವು ಬಂಧುಗಳು ಪತ್ರ ಬರೆದಿದ್ದಾರೆ. ಚೆನ್ನಬಸವಣ್ಣನವರ ಸಮಾಧಿಯ ದರ್ಶನವಾದ ಮೇಲೆ, ಅಷ್ಟು ದೂರ ಹೋದವರು ಹಾಗೆಯೇ ಹಿಂದಿರುಗಬೇಕೆ, ಇಲ್ಲವೆ ನೋಡತಕ್ಕುದು ಬೇರೇನಾದರೂ ಉಂಟೆ ಎಂಬುದು ಅವರ ಪ್ರಶ್ನೆ. ಉಂಟು. ಸೋದೆ ಇದೆ, ಬನವಾಸಿ ಇದೆ. ಅವನ್ನು ಕುರಿತು ಈ ಅಂಕಣದಲ್ಲಿ ಬೇರೆಯಾಗಿಯೇ ಬರೆಯಬೇಕು. ಈ ಬಾರಿ ನಾವು ಘಟ್ಟವಿಳಿದು, ಕಾರವಾರದ ಮೇಲೆ ಹಾದು ಗೋವೆಯ ಸೀಮೆಯನ್ನು ಹೊಕ್ಕು, ಯಾತ್ರಿಕರು ಸಾಮಾನ್ಯವಾಗಿ ಹೋಗದ ಒಂದು ಊರಿನಲ್ಲಿ ಒಂದು ಮನೆಯನ್ನು ನೋಡಿ ಬಂದೆವು. ದೇವಾಲಯವನ್ನಲ್ಲ, ಮಠವನ್ನಲ್ಲ, ಮನೆಯನ್ನು. ಅದನ್ನು ಕಟ್ಟಿಸಿದವನು ಪೋರ್ಚುಗೀಸ್ ಪಾದ್ರಿ. ನಮ್ಮ ಪತ್ರಿಕೆಯಲ್ಲಿ ಇದರ ಪ್ರಸ್ತಾಪವೇಕೆ ಎಂದು ಹುಬ್ಬೇರಿಸುವವರು ಸ್ವಲ್ಪ ಸೈರಿಸಬೇಕು. ಆ ಮನೆ ನಿಂತಿರುವ ನೆಲ ಒಂದು ಕಾಲಕ್ಕೆ ಲಿಂಗವಂತ ಅರಸರ ನೆಲವಾಗಿತ್ತು.

ಊರಿನ ಹೆಸರು ಕೇಪೆಂ. ಮಡಗಾಂವಿನಿಂದ ಸುಮಾರು ೧೫ ಕಿಲೋಮೀಟರು ಒಳನಾಡಿಗೆ ಹೋಗಬೇಕು. ಕಡಲು, ಮರಳು, ಗದ್ದಲ ಯಾವುದೂ ಅಲ್ಲಿಲ್ಲ. ತೆಂಗು, ಅಡಕೆ, ಗದ್ದೆ, ಸಣ್ಣ ಪೇಟೆ. ಊರ ಬದಿಯಲ್ಲಿ ಕುಶಾವತಿ ಎಂಬ ಹೊಳೆ. ಆ ಹೊಳೆಗೆ ಬೆನ್ನು ಮಾಡಿ, ಇಗರ್ಜಿಗೆ ಮುಖ ಮಾಡಿ ನಿಂತಿದೆ ಈ ಮನೆ. ‘ಪಲಾಸಿಯೊ ದೊ ದೆಯಾಂವ್’ ಎಂದು ಅದರ ಹೆಸರು. ದೆಯಾಂವನ ಅರಮನೆ ಎಂದರ್ಥ. ದೆಯಾಂವ್ ಎಂಬುದು ಕ್ರೈಸ್ತ ಸಂಸ್ಥೆಯಲ್ಲಿ ಒಂದು ದೊಡ್ಡ ಅಧಿಕಾರ. ಪ್ರಧಾನ ಇಗರ್ಜಿಯ ಪಾದ್ರಿಗಳ ಮಂಡಲಿಗೆ ಹಿರಿಯನಾದವನು. ಜೋಸೆ ಪಾವ್ಲೊ ದ ಆಲ್ಮೇಡಾ ಎಂಬ ಆ ಹಿರಿಯ ಪಾದ್ರಿ ೧೭೮೭ರಲ್ಲಿ ಇದನ್ನು ಕಟ್ಟಿಸಿದ. ಎದುರಿನ ಇಗರ್ಜಿಯೂ ಅವನದೇ. ಕೇಪೆಂ ಪೇಟೆಯೂ ಅವನಿಂದಲೇ ಬೆಳೆದುದೆಂದು ಆ ಊರಿನವರು ಇಂದಿಗೂ ನೆನೆಯುತ್ತಾರೆ.

ಇನ್ನು ಆ ನೆಲದ ಹಿಂದಿನ ಕಥೆ. ವಿಜಯನಗರದ ಆಶ್ರಯದಲ್ಲಿ ಬೆಳೆದ ಸೋದೆಯ ನಾಯಕರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಸ್ವಾದಿ, ಸುಧಾಪುರ ಎಂಬ ಹೆಸರುಗಳೂ ಅದೇ ಸಂಸ್ಥಾನಕ್ಕೆ ಉಂಟು. ಶಿರಸಿಯ ಬಳಿಯ ಸೋದೆಯನ್ನು ರಾಜಧಾನಿಯಾಗಿ ಮಾಡಿಕೊಂಡು ಹದಿನಾರನೆಯ ಶತಮಾನದ ನಡುವಿನಿಂದ ಇನ್ನೂರು ವರ್ಷ ಆಳಿದ ಈ ಮನೆತನ ವೀರಶೈವ ಮನೆತನ. ತಾವು ಲಿಂಗಧಾರಿಗಳಾಗಿದ್ದೂ ವಾದಿರಾಜರಿಗೆ ಆಶ್ರಯವಿತ್ತವರು, ಜೈನ ಮಠಕ್ಕೂ ಸ್ವರ್ಣವಲ್ಲಿಗೂ ನೆರವಾದವರು. ಈಗಲೂ ಸೋದೆಗೆ ಹೋದರೆ ನಾಲ್ಕಾರು ಮೈಲಿಯೊಳಗೆ ಈ ಎಲ್ಲ ಮಠಗಳನ್ನೂ ನೋಡಬಹುದು. ಘಟ್ಟದ ಮೇಲಿನ ಕಾಡುಸೀಮೆ ಮಾತ್ರವಲ್ಲದೆ ಘಟ್ಟದ ಕೆಳಗಿನ ಫೋಂಡಾ, ಜಾಂಬಾವಳಿಯ ಪಂಚಮಹಾಲು, ಕಾಣಕೋಣ, ಕಡಲಂಚಿನ ಕಾಬೊ ದ ರಾಮಾ ಕೋಟೆ ಇವೂ ಆ ಸಂಸ್ಥಾನಕ್ಕೆ ಸೇರಿದ್ದುವು. ಕೇಪೆಂ ಇದ್ದುದು ಆ ಪಂಚಮಹಾಲಿನ ಸೀಮೆಯಲ್ಲಿ.

೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರನ ಸೇನೆ ಸೋದೆಯ ಮೇಲೂ ಬಂದಿತು. ಅರಸು ಇಮ್ಮಡಿ ಸದಾಶಿವ ನಾಯಕ ಪರಿವಾರದೊಡನೆ ಘಟ್ಟವಿಳಿದು ಪೋರ್ಚುಗೀಸರ ಮೊರೆಹೊಕ್ಕ. ರಕ್ಷಣೆಗೆ ಪ್ರತಿಯಾಗಿ ಘಟ್ಟದ ಕೆಳಗಿನ ಸೀಮೆ ಅವರ ಕೈಸೇರಿತು. ೧೭೯೧ರ ಒಪ್ಪಂದದಲ್ಲಿ ಅದು ಶಾಶ್ವತವಾಗಿ ಹೋಯಿತು. ಅರಸರ ಮನೆತನ ಫೋಂಡಾದ ಸಮೀಪ ಬಾಂದಿವಡೆಯಲ್ಲಿ ನೆಲೆಸಿತು. ಕನ್ನಡ ನಾಡಿನ ಒಂದು ಲಿಂಗವಂತ ರಾಜಮನೆತನ ಪೋರ್ಚುಗೀಸರ ವರ್ಷಾಶನದಲ್ಲಿ ಗೋವೆಯ ಹಳ್ಳಿಯಲ್ಲಿ ದಿನ ನೂಕಿತೆಂಬ ಸಂಗತಿ ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಬಿದನೂರಿನ ಚೆನ್ನಮ್ಮಾಜಿಯನ್ನು ನೆನೆಯುತ್ತೇವೆ, ಕಿತ್ತೂರಿನ ರಾಣಿಯನ್ನು ನೆನೆಯುತ್ತೇವೆ. ಸೋದೆಯವರು ಸೋತವರು, ಊರು ಬಿಟ್ಟವರು, ಆದ್ದರಿಂದ ಅವರಿಗೆ ಲಾವಣಿಯೂ ಇಲ್ಲ, ಮೆರವಣಿಗೆಯೂ ಇಲ್ಲ.

ಈಗ ಲೆಕ್ಕ ಮಾಡಿ ನೋಡಿ. ಸೀಮೆ ಕೈಬದಲಾದುದು ೧೭೬೩ರ ಸುಮಾರಿನಲ್ಲಿ. ಮನೆ ಎದ್ದುದು ೧೭೮೭ರಲ್ಲಿ. ನಡುವೆ ಇಪ್ಪತ್ತನಾಲ್ಕು ವರ್ಷ. ಪಾದ್ರಿ ದೂರದ ಲಿಸ್ಬನ್ ಪಟ್ಟಣದಿಂದ ಗಾರೆಯವರನ್ನೂ ಬಡಗಿಗಳನ್ನೂ ಹಡಗಿನಲ್ಲಿ ತುಂಬಿ ತಂದಿರಲಾರ. ಕಲ್ಲು ಕಡಿದವರು, ಮರ ಕೊರೆದವರು, ಸುಣ್ಣ ಸುಟ್ಟವರು ಆ ನೆಲದವರೇ ಆಗಿರಬೇಕು. ಅವರಲ್ಲಿ ವಯಸ್ಸಾದವರು ಉಳಿ ಹಿಡಿಯಲು ಕಲಿತುದು ಸೋದೆಯರಸರ ಪ್ರಜೆಗಳಾಗಿದ್ದಾಗ. ಇದು ನನ್ನ ಊಹೆಯೇ ಸರಿ. ಆದರೆ ಮನೆಯೊಳಗೆ ಕಾಲಿಟ್ಟು ತಲೆಯೆತ್ತಿ ನೋಡಿದವರು ಈ ಊಹೆಯನ್ನು ಅಷ್ಟು ಬೇಗ ಬಿಡಲಾರರು.

ಮನೆಯ ಮುಂದೆ ಎತ್ತರದ ಜಗತಿ, ಅದಕ್ಕೆ ಮೆಟ್ಟಿಲು. ಸಾಲಾಗಿ ನಿಂತ ಎತ್ತರದ ಕಿಟಕಿಗಳು. ಇಗರ್ಜಿಯ ಬಾಗಿಲಿಗೆ ಸರಿಯಾಗಿ ಮನೆಯ ಬಾಗಿಲು. ಇಷ್ಟು ಪೋರ್ಚುಗೀಸರ ರೀತಿ. ಗೋವೆಯ ಹಳೆಯ ಮನೆಗಳ ಕಿಟಕಿಗಳಿಗೆ ಗಾಜಿಲ್ಲ. ಹಿನ್ನೀರಿನ ಕೆಸರಿನಲ್ಲಿ ಸಿಕ್ಕುವ ಒಂದು ಜಾತಿಯ ಚಪ್ಪಟೆ ಸಿಂಪಿನ ಚಿಪ್ಪನ್ನು ಚೌಕವಾಗಿ ಕತ್ತರಿಸಿ, ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಬಿಸಿಲು ಅದರ ಮೂಲಕ ಹಾಲಿನಂತೆ ಒಳಗೆ ಇಳಿಯುತ್ತದೆ, ಬೆಳಕುಂಟು, ಝಳವಿಲ್ಲ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಕಂಡುಕೊಂಡ ಉಪಾಯ ಗಾಜಿಗಿಂತ ಹಿತವಾಗಿದೆ. ಹಿಂಬದಿಯಲ್ಲಿ ವಿಶಾಲವಾದ ಪಡಸಾಲೆ. ಅಲ್ಲಿಂದ ಹೂದೋಟ ಹೊಳೆಯ ಕಡೆಗೆ ಇಳಿಯುತ್ತದೆ. ಮುಂದೆ ಬಿಗುಮಾನ, ಹಿಂದೆ ಬಿಡುವು. ನಮ್ಮ ಕಡೆಯ ದೊಡ್ಡ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಬೀದಿಯ ಜಗಲಿಯ ಮಾತೇ ಬೇರೆ, ಹಿತ್ತಲ ಮಾತೇ ಬೇರೆ.

ನನ್ನೊಡನೆ ಹೊನ್ನೂರಿನ ಹಿರಿಯರೊಬ್ಬರು ಬಂದಿದ್ದರು. ಒಕ್ಕಲುತನದ ಮನೆ, ಓದು ಬರಹ ಹೆಚ್ಚಿಲ್ಲ, ಕಣ್ಣು ಮಾತ್ರ ಬಲು ಚುರುಕು. ನಾನು ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತಿದ್ದರೆ ಅವರು ಮಾಡನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, “ತೊಲೆ ಜಂತೆ ಎಲ್ಲಾ ನಮ್ ಮನೇವು ಇದ್ದಂಗೇ ಅವಲ್ಲ ಅಯ್ನೋರೆ” ಎಂದರು. ವಾಸ್ತುಶಾಸ್ತ್ರದ ಪಂಡಿತರು ‘ಹಿಂದೂ ಹಾಗೂ ಪೋರ್ಚುಗೀಸ್ ಶೈಲಿಗಳ ಸಮ್ಮಿಶ್ರಣ’ ಎಂದು ಬರೆಯುವುದನ್ನು ಅವರು ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಪಾದ್ರಿ ತನಗೆ ಬೇಕಾದ ಮುಖವನ್ನು ಹೇಳಿರಬೇಕು. ಕಟ್ಟುವವನು ತನಗೆ ಗೊತ್ತಿದ್ದ ಮೈಯನ್ನು ಕಟ್ಟಿದ. ಇದನ್ನು ‘ಪ್ರಭಾವ’ ಎಂದು ಕರೆಯುವುದು ನನಗೆ ಸರಿತೋರುವುದಿಲ್ಲ. ದುಡಿದ ಕೈಗೆ ಪ್ರಭಾವ ಎಂದು ಹೆಸರಿಟ್ಟರೆ ಆ ಕೈಯ ಒಡೆಯ ಮರೆಯಾಗಿಬಿಡುತ್ತಾನೆ.

ಗೋವೆಯ ಹಿಂದೂ ಮನೆತನಗಳ ಹಳೆಯ ಮನೆಗಳ ನಡುವೆ ಇರುವ ತೆರೆದ ಅಂಗಳಕ್ಕೆ ರಾಜಾಂಗಣವೆನ್ನುತ್ತಾರೆ. ಸುತ್ತ ಕಂಬಸಾಲು, ನಡುವೆ ತುಲಸಿಯ ಕಟ್ಟೆ, ಮೇಲೆ ಆಕಾಶ. ನಮ್ಮ ತೊಟ್ಟಿಮನೆಯೇ. ಕ್ರೈಸ್ತರಾದ ಮನೆತನಗಳೂ ಈ ಅಂಗಳವನ್ನು ಹಲವು ಕಡೆ ಬಿಡಲಿಲ್ಲ. ಆದರೆ ತುಲಸಿಯನ್ನು ಬಿಡಲೇಬೇಕಾಯಿತು. ೧೫೬೦ರಲ್ಲಿ ಗೋವೆಯಲ್ಲಿ ನೆಲೆಗೊಂಡ ಧರ್ಮವಿಚಾರಣೆಯ ನ್ಯಾಯಪೀಠದ ಹೆಸರು ಕೇಳಿದರೆ ಜನ ನಡುಗುತ್ತಿದ್ದರು. ಅದು ೧೭೩೬ರಲ್ಲಿ ಒಂದು ಆಜ್ಞೆ ಹೊರಡಿಸಿ, ಮತಾಂತರಗೊಂಡವರು ಮನೆಯಲ್ಲಿ ತುಲಸಿಯನ್ನಿಡಕೂಡದು, ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಮಾಡಕೂಡದು ಎಂಬಷ್ಟರ ಮಟ್ಟಿಗೆ ಒಲೆಯ ಮುಂದೆಯೂ ಕಾವಲು ಕೂತಿತು. ಅನ್ನಕ್ಕೆ ಉಪ್ಪು ಹಾಕಿದರೋ ಇಲ್ಲವೋ ಎಂದು ನೋಡುವ ರಾಜ್ಯಾಧಿಕಾರವನ್ನು ಊಹಿಸಿಕೊಳ್ಳಿ, ತಾಯಂದಿರೇ! ಇಂದಿಗೂ ಗೋವೆಯ ಹಳ್ಳಿಗಳಲ್ಲಿ ಕ್ರೈಸ್ತರ ಮನೆಯ ಮುಂದೆ ಶಿಲುಬೆಯಿರುವ ಕಟ್ಟೆಯನ್ನು ಕಂಡರೆ ಅದರ ಆಕಾರ ತುಲಸಿಕಟ್ಟೆಯನ್ನೇ ಹೋಲುತ್ತದೆ. ನಂಬಿಕೆ ಬದಲಾದರೂ ಕಟ್ಟುವ ಕೈಗೆ ಕಟ್ಟೆಯ ಅಳತೆ ಮರೆಯಲಿಲ್ಲ.

ಹಾಗಾದರೆ ಕೇಪೆಂನ ಪಾದ್ರಿಯ ಮನೆಗೆ ಈ ಬೆರಕೆ ಹೇಗೆ ಸಾಧ್ಯವಾಯಿತು? ಕಾಲ ಬದಲಾಗಿತ್ತು. ಹದಿನಾರನೆಯ ಶತಮಾನದಲ್ಲಿ ಹಿಡಿದ ತಿಸವಾಡಿ, ಸಾಸಷ್ಟಿ, ಬಾರದೇಶಗಳಲ್ಲಿ ಗುಡಿಗಳು ಉರುಳಿದ್ದವು. ಮಂಗೇಶ, ಶಾಂತಾದುರ್ಗೆಯರನ್ನು ಭಕ್ತರು ಹೊತ್ತುಕೊಂಡು ಹೊಳೆ ದಾಟಿ ಫೋಂಡಾದ ಕಡೆಗೆ ಓಡಿದ್ದರು. ಸೋದೆಯಿಂದ ಬಂದ ಸೀಮೆಯನ್ನು ಸೇರಿಸಿಕೊಂಡು ‘ಹೊಸ ಗೆಲುವು’ ಎಂದು ಅವರು ಕರೆದ ಪ್ರಾಂತ್ಯದಲ್ಲಿ ಆ ಹಟ ನಡೆಯಲಿಲ್ಲ. ಅಲ್ಲಿನ ಜನರ ಗುಡಿಗಳಿಗೂ ಆಚಾರಗಳಿಗೂ ಕೈಹಾಕುವುದಿಲ್ಲವೆಂದು ಪೋರ್ಚುಗೀಸರು ಮಾತು ಕೊಡಬೇಕಾಯಿತು. ಓಡಿಹೋದ ದೇವರುಗಳು ನೆಲೆನಿಂತ ಫೋಂಡಾ ಹೀಗೆ ಉಳಿಯಿತು. ವಿಚಾರಣೆಯ ಪೀಠ ೧೭೭೪ರಲ್ಲೊಮ್ಮೆ ಮುಚ್ಚಿ, ನಾಲ್ಕು ವರ್ಷಕ್ಕೆ ಮತ್ತೆ ತೆರೆದು, ೧೮೧೨ರಲ್ಲಿ ಕೊನೆಗೂ ಇಲ್ಲವಾಯಿತು. ಹಲ್ಲು ಸಡಿಲವಾಗಿದ್ದ ಆ ಮಧ್ಯಕಾಲದ ಕೂಸು ಈ ಮನೆ.

“ಗುಡಿ ಒಡೆದವರ ಮನೆಯನ್ನು ಏಕೆ ಹೊಗಳುತ್ತೀರಿ?” ಎಂದು ಕೇಳುವವರಿದ್ದಾರೆ. ನಮ್ಮ ತಂಡದಲ್ಲಿಯೇ ಇದ್ದರು, ಹಿರಿಯರ ಮಗ, ಓದಿದ ಹುಡುಗ. ಅವನ ಸಿಟ್ಟು ಸುಳ್ಳಿನದಲ್ಲ. ಆದರೆ ಮನೆಯನ್ನು ಉಳಿಸುವುದೆಂದರೆ ಅದರ ಯಜಮಾನನಿಗೆ ಆರತಿ ಎತ್ತುವುದಲ್ಲ. ಆ ಮನೆ ಬಿದ್ದಿದ್ದರೆ ಪಾದ್ರಿಯ ಹೆಸರು ಹೇಗೂ ಇಗರ್ಜಿಯ ದಾಖಲೆಗಳಲ್ಲಿ ಉಳಿಯುತ್ತಿತ್ತು. ಅಳಿಯುತ್ತಿದ್ದುದು ಹೆಸರಿಲ್ಲದ ಕಲ್ಲುಕುಟಿಗನ ಗುರುತು. ಅವನಿಗೆ ಬೇರೆ ದಾಖಲೆಯಿಲ್ಲ, ಗೋಡೆಯೇ ದಾಖಲೆ.

ಶಿಥಿಲವಾಗಿ ನಿಂತಿದ್ದ ಈ ಮನೆಯನ್ನು ಕೈಹಿಡಿದು ನಿಲ್ಲಿಸಿದವರು ಗೋವೆಯ ದಂಪತಿಗಳು. ಸರಕಾರವಲ್ಲ, ದೊಡ್ಡ ಟ್ರಸ್ಟೂ ಅಲ್ಲ. ತಾವೇ ಮಕ್ಕಳೊಡನೆ ಅಲ್ಲಿ ನೆಲೆಸಿ, ಸೋರುವ ಮಾಡನ್ನು ಮುಚ್ಚಿಸಿ, ಕಾಡಾಗಿದ್ದ ತೋಟವನ್ನು ಬಿಡಿಸಿ, ಬಂದವರಿಗೆ ತೋರಿಸುತ್ತಾರೆ. ಮುಂಚಿತವಾಗಿ ತಿಳಿಸಿದವರಿಗೆ ಹಿಂಬದಿಯ ಪಡಸಾಲೆಯಲ್ಲಿ ಊಟವನ್ನೂ ಬಡಿಸುತ್ತಾರೆ. ಆ ಆದಾಯವೇ ಮನೆಯ ಮಾಡಿಗೆ ಹೆಂಚಾಗುತ್ತದೆ. ನಾವು ಬೆಳಗಿನ ಪೂಜೆ ಮುಗಿಸಿ, ಕಟ್ಟಿಕೊಂಡಿದ್ದ ರೊಟ್ಟಿಬುತ್ತಿಯನ್ನು ಹೊಳೆಯ ದಡದಲ್ಲಿ ಬಿಚ್ಚಿ ತೃಪ್ತರಾಗಿದ್ದೆವು. ನಮ್ಮವರು ಯಾರಾದರೂ ಹೋದರೆ ಊಟದ ವಿಷಯವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮರಳುವಾಗ ಕೇಪೆಂ ಪೇಟೆಯ ಚಹದ ಅಂಗಡಿಯಲ್ಲಿ ಕನ್ನಡ ಕೇಳಿಸಿತು. ಬಾಗಲಕೋಟೆಯ ಕಡೆಯ ಗೌಂಡಿ. ನಮ್ಮ ವಿಭೂತಿ ನೋಡಿ ಎದ್ದು ನಿಂತು, “ಯಾವ ಊರ್ರೀ ಸ್ವಾಮ್ಯಾರ?” ಎಂದ. ಯಳಂದೂರಿನ ಹತ್ತಿರ ಎಂದರೆ ಅವನಿಗೆ ತಿಳಿಯಲಿಲ್ಲ. ಮೈಸೂರು ಎಂದಾಗ ತಲೆಯಾಡಿಸಿದ. ಗೋವೆಯಲ್ಲಿ ಇಂದು ಗೋಡೆ ಕಟ್ಟುವವರಲ್ಲಿ ನಮ್ಮ ಉತ್ತರ ಸೀಮೆಯವರು ಬಹಳ ಮಂದಿ. ಹಳೆಯ ಮನೆಗಳ ಕೆಲಸ ಸಿಕ್ಕುವುದೇ ಎಂದು ಕೇಳಿದೆ. “ಸಿಗತಾವ್ರಿ. ಆದ್ರ ಸುಣ್ಣದ ಕೆಲಸ ಬಲ್ಲಾವ್ರು ಎಲ್ಲಿ ಅದಾರ? ಸಿಮೆಂಟ್ ಹಚ್ಚಿದ್ರ ಎರಡು ಮಳಿಗೇ ಪದರ ಎದ್ದು ಬರತೈತ್ರಿ” ಎಂದ.

ಅವನ ಮಾತಿನಲ್ಲಿ ದೊಡ್ಡ ಪಾಠವಿದೆ. ಅದಕ್ಕಾಗಿಯೇ ಇಷ್ಟು ಬರೆದೆ. ಗೋವೆಯ ಮನೆಗಳು ಜಂಬಿಟ್ಟಿಗೆ ಕಲ್ಲಿನವು. ಅದು ತೂತುತೂತಿನ ಕಲ್ಲು, ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆಯೂ ಅದರಂತೆಯೇ ಉಸಿರಾಡುತ್ತದೆ. ಮೇಲೆ ಸಿಮೆಂಟು ಬಳಿದರೆ ಕುಡಿದ ನೀರು ಹೊರಬರಲು ದಾರಿಯಿಲ್ಲ. ಒಳಗೇ ನಿಂತು ಕಲ್ಲನ್ನು ಪುಡಿಮಾಡುತ್ತದೆ, ಗೋಡೆಗೆ ತಾಗಿದ ತೊಲೆಯ ತಲೆಯನ್ನು ಕೊಳೆಸುತ್ತದೆ. ನಮ್ಮ ಕಡೆಯ ಮಣ್ಣಿನ ಗೋಡೆಗಳಿಗೂ ಇದೇ ನ್ಯಾಯ. ‘ಗಟ್ಟಿಯಾಗಲಿ’ ಎಂದು ಸಿಮೆಂಟು ಮೆತ್ತಿಸಿದ ಎಷ್ಟು ತೊಟ್ಟಿಮನೆಗಳ ಗೋಡೆ ಉಬ್ಬಿ ಬಿದ್ದಿಲ್ಲ! ಮಠಗಳೂ ಇದಕ್ಕೆ ಹೊರತಲ್ಲ. ನಮ್ಮ ಶಾಸನಗಳ ಕೊನೆಯಲ್ಲಿ, ಹೊಸತಾಗಿ ಕೊಡುವುದಕ್ಕಿಂತ ಹಿಂದಿನವರು ಕೊಟ್ಟುದನ್ನು ಕಾಪಾಡುವುದೇ ಮಿಗಿಲು ಎಂಬ ಅಭಿಪ್ರಾಯ ಮತ್ತೆ ಮತ್ತೆ ಬರುತ್ತದೆ. ಜೀರ್ಣೋದ್ಧಾರವೆಂಬ ಶಬ್ದ ಹುಟ್ಟಿದುದು ಆ ಭಾವದಿಂದ. ಇಂದು ಜೀರ್ಣೋದ್ಧಾರದ ಕರಪತ್ರ ಬಂದರೆ ನನಗೆ ಎದೆ ಡವಗುಟ್ಟುತ್ತದೆ. ಹಳೆಯದನ್ನು ಕೆಡವಿ, ಕಾಂಕ್ರೀಟು ಹಾಕಿ, ನುಣುಪು ಬಿಲ್ಲೆ ಹಾಸುವುದಕ್ಕೆ ಅದೇ ಪವಿತ್ರ ಹೆಸರು.

ಕೆಡವುವುದನ್ನು ತಡೆಯಲಾಗದ ಕಡೆ ಬಿಚ್ಚಿ ತಂದು ಉಳಿಸಿದವರೂ ಉಂಟು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಾಗೆ ತಂದ ಮನೆಗಳನ್ನು ಕಂಬಕ್ಕೆ ಕಂಬ, ಹಲಗೆಗೆ ಹಲಗೆ ಜೋಡಿಸಿ ಹಸ್ತಶಿಲ್ಪ ಗ್ರಾಮವನ್ನು ಕಟ್ಟಿದರು. ಅಲ್ಲಿ ಒಂದು ಜಂಗಮ ಮಠವೂ ಇದೆ. ಅದರ ಕೆಲಸದ ಚೆಲುವು ದೊಡ್ಡದು. ಆದರೂ ಅಲ್ಲಿ ಗಂಟೆ ನೋಡಿಕೊಂಡು ಬಾಗಿಲು ತೆಗೆಯುತ್ತಾರೆ, ಗಂಟೆ ನೋಡಿಕೊಂಡು ಮುಚ್ಚುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಜಂಗಮನಿಗೆ ಅಲ್ಲಿ ಪ್ರಸಾದವಿಲ್ಲ. ಇದು ಅವರ ದೋಷವಲ್ಲ. ಆ ಮಠವನ್ನು ಅದರ ಊರಿನಲ್ಲಿ ಉಳಿಸಿಕೊಳ್ಳಲಾಗದವರು ನಾವು.

ದೊಡ್ಡ ಮನೆಗಳಿಗೆ ಹೇಗೋ ಯಾರೋ ಒದಗುತ್ತಾರೆ. ೧೮೦೭ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದ ಪೂರ್ಣಯ್ಯನವರ ಮನೆತನದ ಬಂಗಲೆಯ ಬಗ್ಗೆ ಬರೆಯುವವರಿದ್ದಾರೆ, ಮಾತಾಡುವವರಿದ್ದಾರೆ. ಹೊನ್ನೂರಿನಂತಹ ಊರಿನ ಒಕ್ಕಲು ಮನೆತನದ ತೊಟ್ಟಿಯ ಬಗ್ಗೆ ಯಾರು ಬರೆಯುತ್ತಾರೆ? ನನ್ನೊಡನೆ ಬಂದಿದ್ದ ಹಿರಿಯರ ಮನೆಯೂ ಅಂತಹುದೇ. ಬೀದಿಗೆ ಜಗಲಿ, ಒಳಗೆ ಹದಿನಾರು ಕಂಬದ ತೊಟ್ಟಿ, ಮಳೆ ಬಂದರೆ ನಾಲ್ಕು ಮೂಲೆಯಿಂದಲೂ ನೀರು ಧಾರೆಯಾಗಿ ಇಳಿಯುತ್ತದೆ. ಮೂವರು ಅಣ್ಣತಮ್ಮಂದಿರು, ಇಬ್ಬರು ಮೈಸೂರು, ಬೆಂಗಳೂರು ಸೇರಿದ್ದಾರೆ. ಪಾಲಿನ ಮಾತು ನಡೆದಿದೆ. ಹಳೆಯ ಕಂಬ, ಬಾಗಿಲುವಾಡ ಕೊಳ್ಳುವವರು ಈಗಾಗಲೇ ಎರಡು ಸಲ ಬಂದು ಬೋದಿಗೆಗಳ ಮೇಲೆ ಕೈಯಾಡಿಸಿ ಹೋಗಿದ್ದಾರೆ. ಆ ಕಂಬಗಳು ಯಾವುದೋ ವಿಶ್ರಾಂತಿಧಾಮದ ಮುಂಬಾಗಿಲಲ್ಲಿ ನಿಲ್ಲುತ್ತವೆ. ನೋಡಿದವರು ‘ಆಹಾ, ಹಳೆಯ ಕಾಲದ ಕೆಲಸ’ ಎನ್ನುತ್ತಾರೆ. ಯಾವ ಊರಿನದು, ಯಾರ ಮದುವೆಗೆ ಆ ಕಂಬಕ್ಕೆ ಬಾಳೆ ಕಟ್ಟಿದ್ದರು ಎಂದು ಯಾರೂ ಕೇಳುವುದಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ತೊಟ್ಟಿಮನೆಯಲ್ಲಿ ಬಾಳುವುದು ಸುಖವೆಂದು ಹೊರಗಿನವರು ಹೇಳಬಹುದು; ಮೂರು ಸಂಸಾರದ ಅಡುಗೆ ಒಂದೇ ಹೊಗೆಗೂಡಿನಲ್ಲಿ ಮಾಡಿದ ಸೊಸೆಯಂದಿರನ್ನು ಕೇಳಬೇಕು. ಬಚ್ಚಲು ದೂರ, ಕತ್ತಲು ಹೆಚ್ಚು, ಗೆದ್ದಲಿನ ಕಾಟ. ಹಿರಿಯರ ಮಡದಿ, “ಉಳಿಸಿ, ನಂಗೂ ಅದೇ ಇಷ್ಟ. ಆದ್ರೆ ಹಿಂದ್ಗಡೆ ಒಂದು ನೆಟ್ಗಿರೋ ಅಡ್ಗೆಮನೆ, ಬಚ್ಚಲು ಕಟ್ಕೊಡಿ ಮೊದ್ಲು” ಎಂದುದು ನ್ಯಾಯವಾದ ಮಾತು. ಕೇಪೆಂನವರೂ ಇಂದಿನ ಸಂಸಾರ ಹಳೆಯ ಮನೆಯಲ್ಲಿ ಬಾಳಬಹುದಾದಂತೆ ಮಾಡಿಕೊಂಡು ತಾನೆ ಅಲ್ಲಿ ಇರುವುದು? ಮನೆಯನ್ನು ಉಳಿಸುವುದಕ್ಕೆ ಮನೆಯವರನ್ನು ದಣಿಸಬೇಕಾಗಿಲ್ಲ.

ಸಿಟ್ಟಾಗಿದ್ದ ಆ ಹುಡುಗನೇ ಊರಿಗೆ ಬಂದ ಮೇಲೆ ತೊಟ್ಟಿಯನ್ನು ಅಳೆದು, ಕಾಗದದ ಮೇಲೆ ನಕ್ಷೆ ಬರೆದಿದ್ದಾನೆ. ದಕ್ಷಿಣದ ಕಡೆಯ ಎರಡು ತೊಲೆ ಮಾತ್ರ ಕೊಳೆತಿವೆಯಂತೆ, ಉಳಿದುವು ಗಟ್ಟಿ. ಹಿಂದೆ ಯಾರೋ ಮೆತ್ತಿದ ಸಿಮೆಂಟನ್ನು ಕಿತ್ತು ಮತ್ತೆ ಸುಣ್ಣದ ಗಾರೆ ಮಾಡಿಸಬೇಕು. ಚಿಕ್ಕಪ್ಪಂದಿರು ಯುಗಾದಿಗೆ ಬರುತ್ತಾರೆ, ಅಂದು ಮಾತು ತೀರ್ಮಾನವಾಗಬೇಕು, ನನ್ನನ್ನೂ ಕರೆದಿದ್ದಾರೆ. ಅಷ್ಟರೊಳಗೆ ಖರ್ಚಿನ ಅಂದಾಜು ಕೈಯಲ್ಲಿಲ್ಲದಿದ್ದರೆ ಕಂಬ ಕೊಳ್ಳುವವನ ಲೆಕ್ಕವೇ ಗೆಲ್ಲುತ್ತದೆ. ನಮ್ಮ ಚಿಕ್ಕಂದಿನಲ್ಲಿ ಎತ್ತು ಕಟ್ಟಿ, ಕಲ್ಲಿನ ಗಾಲಿಯಲ್ಲಿ ಗಾರೆ ಅರೆದು, ಅದಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಬೆರೆಸುತ್ತಿದ್ದುದನ್ನು ಕಂಡಿದ್ದೇನೆ. ಪ್ರಮಾಣ ನನಗೆ ತಿಳಿಯದು. ಕೊಳ್ಳೇಗಾಲ, ಹನೂರು, ಯಳಂದೂರು, ಚಾಮರಾಜನಗರದ ಕಡೆ ಆ ಕೆಲಸವನ್ನು ಕೈಯಾರೆ ಮಾಡಿದ ಹಿರಿಯರು, ಇಲ್ಲವೆ ಅವರಿಂದ ಕಲಿತವರು ಯಾರಾದರೂ ಇದ್ದರೆ, ಓದುಗ ಬಂಧುಗಳು ದಯವಿಟ್ಟು ಈ ತಿಂಗಳೊಳಗೆ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕು. ಬಂದುಹೋಗುವ ವೆಚ್ಚವನ್ನೂ ಕೂಲಿಯನ್ನೂ ಮನೆಯವರು ಕೊಡುತ್ತಾರೆ.